ಮೂರು ಗಾಲಿಯ ಗಾಡಿ: ಓಡಾಡಲೋ, ಓಡಲೋ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮಗಳಿಗೆ ಈಗ ಮೂರೂವರೆ ತಿಂಗಳು, ತೂಕ 6 ಕೆ.ಜಿ. ಬೆಂಗಳೂರಿನ ಬನಶಂಕರಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ. ಬಸುರಿಯಾಗುವ ಮುಂಚೆ ವಾರಕ್ಕೆ ಮೂರು ದಿನ ಓಡುತ್ತಿದ್ದೆ. ಮತ್ತೆ ಶುರು ಮಾಡಬೇಕೆಂಬ ಆಸೆಯಿದೆ. ನ್ಯೂಜೆರ್ಸಿಯಲ್ಲಿರುವ ನಾದಿನಿಯ ಮನೆಯಲ್ಲಿ ಮೂರು ಚಕ್ರದ ಜಾಗಿಂಗ್ ಸ್ಟ್ರಾಲರ್, ಅಂದರೆ ಮಗುವನ್ನು ಕೂರಿಸಿ ತಳ್ಳುತ್ತಾ ಓಡುವ ಗಾಡಿ, ಇದೆಯಂತೆ. ಅವರ ಮಗನಿಗೆ ಈಗ 11 ವರ್ಷ, ಗಾಡಿ ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿದೆ, ಬರುವಾಗ ತರುತ್ತೇನೆ ಅಂದಿದ್ದಾರೆ. ನಮ್ಮ ಯಜಮಾನರಿಗೆ ಇಷ್ಟವಿಲ್ಲ. ‘ಮೂರು ಗಾಲಿ ಅಂದ್ರೆ ಆಟೋ ಥರ, ತಿರುವಿನಲ್ಲಿ ಪಲ್ಟಿ ಹೊಡೆಯುತ್ತೆ, ನಾಲ್ಕು ಚಕ್ರದ್ದೇ ತಗೊಳ್ಳೋಣ’ ಅಂತಾರೆ. ಅತ್ತೆಯವರು ‘ಎಳೇ ಕೂಸನ್ನ ಗಾಡೀಲಿ ಕೂರಿಸಿದ್ರೆ ಬೆನ್ನು ಬಾಗುತ್ತೆ, ನಡಿಗೆ ತಡವಾಗುತ್ತೆ, ಎತ್ತಿಕೊಳ್ಳೋಕೆ ಮನೇಲಿ ಜನ ಇಲ್ವಾ’ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಇದರ ಮಧ್ಯೆ, ಓಡುವಾಗ ತಲೆ ಅಲುಗಿ ಮಗುವಿನ ಮೆದುಳಿಗೆ ಪೆಟ್ಟಾಗುತ್ತದೆ ಅಂತ ಎಲ್ಲೋ ಓದಿದೆ. ಆವತ್ತಿನಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಗಾಡಿ ಉರುಳುತ್ತದೆಯೇ ಎಂಬುದು ಯಜಮಾನರದು. ಕೂತರೆ ಬೆನ್ನಿಗೆ ಏನಾಗುತ್ತದೆ ಎಂಬುದು ಅತ್ತೆಯವರದು. ಓಡಿದರೆ ತಲೆಗೆ ಏನಾಗುತ್ತದೆ ಎಂಬುದು ನಿಮ್ಮದು. ಮೂವರ ಮಾತಿನಲ್ಲೂ ಒಂದೊಂದು ಪಾಲು ನಿಜವಿದೆ, ಆದರೆ ಮೂವರೂ ಬೇರೆ ಬೇರೆ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೀರಿ. ಕಾಯಿಸದೆ ಮೊದಲೇ ಹೇಳಿಬಿಡುತ್ತೇನೆ: ಮೂರೂವರೆ ತಿಂಗಳ ಮಗುವನ್ನು ಈಗಲೇ ಆ ಗಾಡಿಯಲ್ಲಿ ಕೂರಿಸುವುದು ಬೇಡ. ಗಾಡಿ ಪರೀಕ್ಷೆಯಲ್ಲಿ ಗೆದ್ದರೆ ಎಂಟನೇ ತಿಂಗಳ ಹೊತ್ತಿಗೆ ಅದು ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಬೇರೆ ಗಾಡಿಗೆ ದುಡ್ಡು ಹಾಕಬೇಡಿ. ಏಕೆ ಹೀಗೆ ಹೇಳುತ್ತಿದ್ದೇನೆ ಎಂಬುದನ್ನು ಒಂದೊಂದಾಗಿ ಬಿಡಿಸುತ್ತೇನೆ.

ಮೊದಲು ಗಾಡಿಯ ಗುರುತು ಹಿಡಿಯೋಣ. ಅಂಗಡಿಯಲ್ಲಿ ‘ತ್ರೀ ವೀಲರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಜಾತಿಯ ಗಾಡಿಗಳು ಸಿಗುತ್ತವೆ. ಒಂದು ಓಡಾಡುವ ಗಾಡಿ, ಇನ್ನೊಂದು ಓಡುವ ಗಾಡಿ. ಓಡುವ ಗಾಡಿ ಹುಟ್ಟಿದ್ದು 1984ರಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದ, ಓಟದ ಹವ್ಯಾಸವಿದ್ದ ಫಿಲ್ ಬೇಕ್ಲರ್ ಎಂಬವರು ಮಗುವಿನ ಗಾಡಿಗೆ ಸೈಕಲ್ ಚಕ್ರಗಳನ್ನು ಜೋಡಿಸಿದರು. ಮಗುವನ್ನು ಬಿಟ್ಟು ಓಡಲು ಮನಸ್ಸಿಲ್ಲದ ಒಬ್ಬ ಅಪ್ಪನ ಉಪಾಯ ಅದು. ಈಗ ಎಲ್ಲೆಡೆ ಕಾಣುವ, ಛತ್ರಿಯಂತೆ ಮಡಚುವ ಹಗುರ ಗಾಡಿಯ ಕತೆಯೇ ಬೇರೆ. ಬ್ರಿಟನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರವ್ಯವಸ್ಥೆಯ ಮೇಲೆ ಕೆಲಸ ಮಾಡಿದ್ದ ಎಂಜಿನಿಯರ್ ಓವನ್ ಮೆಕ್ಲಾರೆನ್ 1965ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದರು. ಎತ್ತಿ ಒಯ್ಯಲು ಸುಲಭವಾಗಬೇಕು ಎಂಬುದು ಅದರ ಗುರಿ. ಉಬ್ಬುತಗ್ಗಿನ ಮೇಲೆ ವೇಗವಾಗಿ ಉರುಳಬೇಕು ಎಂಬುದು ಓಡುವ ಗಾಡಿಯ ಗುರಿ. ಒಂದರಿಂದ ಇನ್ನೊಂದರ ಕೆಲಸ ಕೇಳಿದಾಗಲೇ ತೊಂದರೆ ಶುರುವಾಗುವುದು.

ಈಚೆಗೆ ಓಡುವ ಗಾಡಿಯ ಹಾಗೆಯೇ ಕಾಣುವ, ಆದರೆ ಓಡಲು ಮಾಡಿರದ ಮೂರು ಚಕ್ರದ ಗಾಡಿಗಳು ಬಹಳ ಬಂದಿವೆ. ಮುಂದೆ ಅಂಗೈಯಗಲದ ಚಕ್ರ, ಅಥವಾ ಒಂದರ ಪಕ್ಕ ಒಂದು ಅಂಟಿಸಿದ ಜೋಡಿ ಚಕ್ರ, ಪ್ಲಾಸ್ಟಿಕ್ ಇಲ್ಲವೇ ಫೋಮ್ ಟೈರು. ಓಡಾಡಲು ಅವು ಚೆನ್ನಾಗಿಯೇ ಇರುತ್ತವೆ. ನಿಜವಾದ ಓಡುವ ಗಾಡಿಯನ್ನು ಹೀಗೆ ಗುರುತಿಸಬಹುದು: ಹಿಂದಿನ ಚಕ್ರಗಳು ಮಕ್ಕಳ ಸೈಕಲ್ಲಿನಷ್ಟು ದೊಡ್ಡವು, ಸಾಮಾನ್ಯವಾಗಿ 16 ಇಂಚು, ಮುಂದಿನದು 12 ಇಂಚಿನ ಆಸುಪಾಸು, ಗಾಳಿ ತುಂಬಿಸುವ ಟೈರು, ಮುಂದಿನ ಚಕ್ರ ಅತ್ತಿತ್ತ ತಿರುಗದಂತೆ ನೇರಕ್ಕೆ ಲಾಕ್ ಮಾಡುವ ವ್ಯವಸ್ಥೆ, ಹಿಡಿಕೆಗೆ ಕಟ್ಟಿದ ಮಣಿಕಟ್ಟಿನ ಪಟ್ಟಿ. ಕೆಲವದರಲ್ಲಿ ಸೈಕಲ್ಲಿನಂತೆ ಕೈಬ್ರೇಕೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಗೆ ಬರುವ ಪುಸ್ತಕದಲ್ಲಿ ‘ಓಡಲು ಬಳಸಬಹುದು’ ಎಂದು ಬರೆದಿರಬೇಕು. ಹಾಗೆ ಬರೆದಿಲ್ಲವೆಂದರೆ ನೋಡಲು ಎಷ್ಟೇ ಗಟ್ಟಿಯಾಗಿದ್ದರೂ ಅದು ಓಡಾಡುವ ಗಾಡಿಯೇ.

ಇನ್ನು ಉರುಳುವ ಮಾತು. ಹಳ್ಳಿಮನೆಯ ಹಿತ್ತಲಲ್ಲಿ ನೀರು ಕಾಯಿಸುವ ಒಲೆಯನ್ನು ನೆನಪಿಸಿಕೊಳ್ಳಿ. ಮೂರೇ ಕಲ್ಲು. ನೆಲ ಎಷ್ಟು ಅಂಕುಡೊಂಕಾಗಿದ್ದರೂ ಹಂಡೆ ಅಲುಗುವುದಿಲ್ಲ. ನಾಲ್ಕನೇ ಕಲ್ಲು ಇಟ್ಟು ನೋಡಿ, ಒಂದಲ್ಲ ಒಂದು ಕಲ್ಲು ಗಾಳಿಯಲ್ಲಿ ಉಳಿದು ಹಂಡೆ ಕುಟುಕುಟು ಆಡುತ್ತದೆ. ಮೂರು ಬಿಂದುಗಳು ಯಾವ ನೆಲದ ಮೇಲಾದರೂ ಕೂರುತ್ತವೆ, ನಾಲ್ಕಕ್ಕೆ ಸಮತಟ್ಟು ಬೇಕು. ಸೊಟ್ಟ ಸ್ಲ್ಯಾಬಿನ ಫುಟ್‌ಪಾತಿನಲ್ಲಿ ಮೂರು ಚಕ್ರದ ಗಾಡಿ ಕಡಿಮೆ ಕುಲುಕುವುದಕ್ಕೆ ಇದೇ ಕಾರಣ. ಆದ್ದರಿಂದ ‘ಮೂರು ಗಾಲಿ ಎಂದರೇ ಅಸ್ಥಿರ’ ಎಂಬುದು ತಪ್ಪು ತಿಳಿವಳಿಕೆ.

ಆದರೆ ಯಜಮಾನರ ಆಟೋ ಹೋಲಿಕೆಯನ್ನು ತಳ್ಳಿಹಾಕಬೇಡಿ. ಹಂಡೆ ಕೂತಲ್ಲೇ ಕೂರುತ್ತದೆ, ಗಾಡಿ ತಿರುಗುತ್ತದೆ. ಮೂರು ಚಕ್ರಗಳನ್ನು ಗೆರೆ ಎಳೆದು ಸೇರಿಸಿದರೆ ತ್ರಿಕೋನವಾಗುತ್ತದೆ. ಮಗುವಿನ ಭಾರ ಆ ತ್ರಿಕೋನದ ಒಳಗೆ ಇರುವವರೆಗೆ ಗಾಡಿ ಉರುಳುವುದಿಲ್ಲ. ನಾಲ್ಕು ಚಕ್ರದ ಗಾಡಿಗೆ ಮುಂದೆ ಎರಡು ಮೂಲೆಗಳ ಆಸರೆ ಇರುತ್ತದೆ. ಮೂರು ಚಕ್ರದ್ದರಲ್ಲಿ ಆ ಎರಡು ಮೂಲೆಗಳೇ ಇಲ್ಲ. ಹಾಗಾಗಿ ಇದು ಬೀಳುವುದಾದರೆ ನೇರವಾಗಿ ಪಕ್ಕಕ್ಕಲ್ಲ, ಓರೆಯಾಗಿ ಮುಂದಕ್ಕೆ ಬೀಳುತ್ತದೆ. ಮುಂದಕ್ಕೆ ಹೋಗುತ್ತಲೇ ಗಕ್ಕನೆ ತಿರುಗಿಸಿದಾಗ, ಅಥವಾ ಫುಟ್‌ಪಾತಿನ ಅಂಚಿನಿಂದ ಓರೆಯಾಗಿ ಇಳಿಸಿದಾಗ ಆಗುವುದು ಇದು. ವೇಗದ ಲೆಕ್ಕವೂ ಇದೆ. ತಿರುವಿನಲ್ಲಿ ಹೊರಗೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 5 ಕಿ.ಮೀ. ನಡಿಗೆಯಿಂದ 10 ಕಿ.ಮೀ. ಓಟಕ್ಕೆ ಹೋದರೆ ವೇಗ ಎರಡು ಪಟ್ಟು, ಆದರೆ ಅದೇ ತಿರುವಿನಲ್ಲಿ ಎಳೆತ ನಾಲ್ಕು ಪಟ್ಟು. ನಡೆಯುವಾಗ ಯಜಮಾನರ ಭಯಕ್ಕೆ ಕಾರಣವಿಲ್ಲ, ಓಡುವಾಗ ಇದೆ. ಅದಕ್ಕೇ ಓಡುವ ಗಾಡಿಯನ್ನು ಉದ್ದವಾಗಿ, ಹಿಂದೆ ಅಗಲವಾಗಿ, ಸೀಟನ್ನು ತಗ್ಗಾಗಿ ಮಾಡಿರುತ್ತಾರೆ.

ನನ್ನ ಕ್ಲಿನಿಕ್ಕಿಗೆ ಬರುವ ಗಾಡಿಯ ಪೆಟ್ಟುಗಳಲ್ಲಿ ತಿರುವಿನಲ್ಲಿ ಬಿದ್ದವು ಕಡಿಮೆ. ನಿಂತ ಗಾಡಿ ಹಿಂದಕ್ಕೆ ಮಗುಚಿ ಆದ ಪೆಟ್ಟುಗಳೇ ಹೆಚ್ಚು. ಹೋದ ವರ್ಷ ಹತ್ತು ತಿಂಗಳ ಗಂಡು ಮಗುವನ್ನು ಕರೆದುಕೊಂಡು ಬಂದಿದ್ದರು, ತಲೆಯ ಹಿಂಭಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಬುಗುಟು. ತಾಯಿ ತರಕಾರಿ ಗಾಡಿಯ ಹತ್ತಿರ ನಿಂತಿದ್ದರು, ಹಿಡಿಕೆಯ ಒಂದು ಕಡೆಗೆ ಈರುಳ್ಳಿ ಚೀಲ, ಇನ್ನೊಂದು ಕಡೆಗೆ ಹಾಲು ಮೊಸರಿನ ಚೀಲ. ದುಡ್ಡು ಕೊಡಲು ಎರಡೂ ಕೈ ಬಿಟ್ಟರು. ಮಗು ಹಿಂದಕ್ಕೆ ಒರಗಿತು, ಅಷ್ಟೇ. ಎಂಟೊಂಬತ್ತು ಕಿಲೋ ಮಗು, ಅಷ್ಟೇ ಭಾರದ ಚೀಲ, ಅದೂ ಹಿಂದಿನ ಚಕ್ರದ ಆಚೆಗೆ ಜೋತುಬಿದ್ದಿದ್ದು. ತಕ್ಕಡಿ ಯಾವ ಕಡೆಗೆ ವಾಲುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ಪುಣ್ಯಕ್ಕೆ ಬೆಲ್ಟ್ ಹಾಕಿದ್ದರು, ಮಗು ಎರಡು ದಿನದಲ್ಲಿ ಸರಿಹೋಯಿತು. ಇದು ಮೂರು ಚಕ್ರಕ್ಕೂ ನಾಲ್ಕು ಚಕ್ರಕ್ಕೂ ಒಂದೇ ಥರ ಅನ್ವಯಿಸುವ ಮಾತು: ಹಿಡಿಕೆಗೆ ಏನನ್ನೂ ತೂಗುಹಾಕಬೇಡಿ. ಸಾಮಾನು ಇದ್ದರೆ ಸೀಟಿನ ಕೆಳಗಿನ ಬುಟ್ಟಿಗೆ.

ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗದ ದಾಖಲೆಗಳನ್ನಿಟ್ಟುಕೊಂಡು ಮಾಡಿದ ಒಂದು ಅಧ್ಯಯನ 1990ರಿಂದ 2010ರವರೆಗಿನ ಲೆಕ್ಕ ಕೊಟ್ಟಿದೆ. ಮಕ್ಕಳ ಗಾಡಿ ಮತ್ತು ಎತ್ತಿಕೊಳ್ಳುವ ಕ್ಯಾರಿಯರ್‌ಗಳಿಂದ ಪೆಟ್ಟಾಗಿ ಬಂದ ಐದು ವರ್ಷದೊಳಗಿನ ಮಕ್ಕಳು ಸುಮಾರು 3,60,000. ಹೆಚ್ಚಿನವು ಮಗು ಗಾಡಿಯಿಂದ ಜಾರಿ ಬಿದ್ದದ್ದು, ಅದರ ನಂತರ ಗಾಡಿಯೇ ಮಗುಚಿದ್ದು. ಪೆಟ್ಟು ಬಿದ್ದ ಜಾಗ ಬಹುತೇಕ ತಲೆ ಮತ್ತು ಮುಖ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಜಾರಿ ಬೀಳುವುದನ್ನು ತಡೆಯುವುದು ಚಕ್ರದ ಸಂಖ್ಯೆಯಲ್ಲ, ಐದು ಕಡೆ ಬಿಗಿಯುವ ಬೆಲ್ಟ್. ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು. ಭುಜದ ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಹಿಡಿಸುವಷ್ಟು ಮಾತ್ರ ಸಡಿಲ. ಕಾಲುಗಳ ನಡುವಿನ ಪಟ್ಟಿಯನ್ನು ‘ಸ್ವಲ್ಪ ದೂರಕ್ಕೆ ತಾನೇ’ ಎಂದು ಬಿಟ್ಟರೆ ಚಿಕ್ಕ ಮಗು ಕೆಳಗೆ ಜಾರಿ ಕತ್ತು ಸಿಕ್ಕಿಹಾಕಿಕೊಳ್ಳುತ್ತದೆ. ಉರುಳುವುದಕ್ಕಿಂತ ನಾನು ಹೆಚ್ಚು ಹೆದರುವುದು ಇದಕ್ಕೆ.

ಅತ್ತೆಯವರ ಮಾತಿಗೆ ಬರೋಣ. ‘ನಡಿಗೆ ತಡವಾಗುತ್ತೆ’ ಎಂದು ಅವರು ಹೇಳುತ್ತಿರುವುದು ಬಹುಶಃ ವಾಕರ್ ಬಗ್ಗೆ ಕೇಳಿದ ಮಾತು. ಮಗುವನ್ನು ನಡುವೆ ಇಳಿಬಿಟ್ಟು, ಸುತ್ತಲೂ ಗಾಲಿ ಇರುವ ದುಂಡನೆಯ ಪ್ಲಾಸ್ಟಿಕ್ ವಾಕರ್ ನಡಿಗೆಗೆ ಸಹಾಯ ಮಾಡುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಆ ವಿಷಯದಲ್ಲಿ ಅತ್ತೆಯವರು ಪೂರ್ತಿ ಸರಿ. ಇನ್ನು ನಮ್ಮಲ್ಲಿ ‘ಮೂರು ಗಾಲಿ ಗಾಡಿ’ ಎಂದರೆ ಹಿರಿಯರಿಗೆ ನೆನಪಾಗುವುದು ಚನ್ನಪಟ್ಟಣದ ಕಡೆಯ ಮರದ ಗಾಡಿ, ಎದ್ದು ನಿಲ್ಲಲು ಕಲಿತ ಮಗು ಹಿಡಿದುಕೊಂಡು ತಳ್ಳುತ್ತಾ ಹೋಗುವಂಥದ್ದು. ಅದರಲ್ಲಿ ಮಗು ತನ್ನ ಕಾಲಿನ ಮೇಲೆ ತಾನೇ ನಿಂತಿರುತ್ತದೆ, ಹಾಗಾಗಿ ಅದು ಒಳ್ಳೆಯದೇ. ವರ್ಷ ತುಂಬುವ ಹೊತ್ತಿಗೆ ಅತ್ತೆಯವರೇ ಒಂದು ತಂದುಕೊಡಲಿ. ನೀವು ಕೇಳುತ್ತಿರುವ ಗಾಡಿ ಇವೆರಡೂ ಅಲ್ಲ. ದಿನಕ್ಕೆ ಅರ್ಧ, ಮುಕ್ಕಾಲು ಗಂಟೆ ಅದರಲ್ಲಿ ಕೂತ ಮಾತ್ರಕ್ಕೆ ಯಾವ ಮಗುವಿನ ನಡಿಗೆಯೂ ತಡವಾಗುವುದಿಲ್ಲ.

ಆದರೆ ಗಂಟೆಗಟ್ಟಲೆ ಕೂತರೆ? ಅಲ್ಲಿ ಹಿರಿಯರ ಅನುಭವವೂ ನಮ್ಮ ಶಾಸ್ತ್ರವೂ ಒಂದೇ ಮಾತು ಹೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಒಂದು ವರ್ಷದೊಳಗಿನ ಮಗುವನ್ನು ಗಾಡಿಯಲ್ಲೋ ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕು. ಕತ್ತು, ಬೆನ್ನು, ತೋಳು ಬಲಿಯುವುದು ಚಾಪೆಯ ಮೇಲೆ. ಮನೆಯೊಳಗೆ ಗಾಡಿಯನ್ನು ತೊಟ್ಟಿಲ ಹಾಗೆ ಬಳಸುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡಿ.

ಬೆನ್ನು ಬಾಗುವ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಮೂರೂವರೆ ತಿಂಗಳಲ್ಲಿ ನಿಮ್ಮ ಮಗಳ ಕತ್ತು ಈಗಷ್ಟೇ ನಿಲ್ಲುತ್ತಿರಬಹುದು, ಆದರೆ ಸೊಂಟ ಇನ್ನೂ ನಿಂತಿಲ್ಲ. ನೆಟ್ಟಗಿನ ಸೀಟಿನಲ್ಲಿ ಕೂರಿಸಿದರೆ ಅವಳು ಮುದುಡಿ ಕೆಳಗೆ ಜಾರುತ್ತಾಳೆ, ಗಲ್ಲ ಎದೆಗೆ ತಾಗುತ್ತದೆ. ಇದರಿಂದ ಶಾಶ್ವತವಾಗಿ ಗೂನು ಬೆನ್ನು ಬರುವುದಿಲ್ಲ. ಚಿಂತೆ ಇರುವುದು ಉಸಿರಿನದು. ಈ ವಯಸ್ಸಿನ ಮಗುವಿನ ಶ್ವಾಸನಾಳ ಮೆತ್ತಗಿನ ಪುಟ್ಟ ಕೊಳವೆ. ಗಲ್ಲ ಎದೆಗೆ ಒತ್ತಿದರೆ ಅದು ಮಡಚಿಕೊಂಡು ಸದ್ದಿಲ್ಲದೆ ಗಾಳಿ ಕಡಿಮೆಯಾಗುತ್ತದೆ, ಮಗು ನಿದ್ದೆ ಮಾಡುತ್ತಿದೆ ಎಂದೇ ನಾವು ಅಂದುಕೊಳ್ಳುತ್ತೇವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಗಾಡಿ, ಕಾರ್ ಸೀಟುಗಳನ್ನು ದಿನನಿತ್ಯದ ನಿದ್ದೆಗೆ ಬಳಸಬೇಡಿ, ಅದರಲ್ಲೂ ನಾಲ್ಕು ತಿಂಗಳೊಳಗಿನ ಮಕ್ಕಳಿಗೆ ಬೇಡವೇ ಬೇಡ ಎಂದು ಹೇಳುವುದು ಇದೇ ಕಾರಣಕ್ಕೆ. ಆರು ತಿಂಗಳೊಳಗೆ ಗಾಡಿ ಬೇಕೇ ಬೇಕು ಎಂದರೆ ಹೆಚ್ಚುಕಡಿಮೆ ಹಾಸಿಗೆಯಷ್ಟೇ ಮಟ್ಟಸವಾಗಿ ಮಲಗಿಸಬಹುದಾದ ಸೀಟು ಇರಬೇಕು. ಓಡುವ ಗಾಡಿಗಳಲ್ಲಿ ಬಹುಪಾಲಿನವು ಅಷ್ಟು ಮಲಗುವುದಿಲ್ಲ. ಮುಂದೆಯೂ ಗಾಡಿಯಲ್ಲಿ ನಿದ್ದೆ ಹೋದರೆ ಸೀಟನ್ನು ಹಿಂದಕ್ಕೆ ವಾಲಿಸಿ, ಮುಖ ಕಾಣುವಂತೆ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ‘ಎದ್ದುಬಿಡ್ತಾಳೆ’ ಎಂದು ಅಲ್ಲೇ ಬಿಡದೆ ಎತ್ತಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ.

ಈಗ ನಿಮ್ಮ ನಿದ್ದೆ ಕೆಡಿಸಿದ ಮಾತು. ನೀವು ಓದಿದ್ದು ಮಗುವನ್ನು ಹಿಡಿದು ಜೋರಾಗಿ ಅಲ್ಲಾಡಿಸಿದಾಗ ಆಗುವ ಮೆದುಳಿನ ಗಾಯದ ವಿಷಯ ಇರಬೇಕು. ದೊಡ್ಡವರು ಸಿಟ್ಟಿನಲ್ಲಿ ಮಗುವಿನ ಎದೆಗೂಡು ಹಿಡಿದು ಹಿಂದೆ ಮುಂದೆ ಕುಲುಕಿದಾಗ ಆಗುವಂಥದ್ದು ಅದು. ಅಲ್ಲಿರುವ ಬಲವೇ ಬೇರೆ. ಬೆಲ್ಟ್ ಹಾಕಿ ಕೂತ ಮಗು ಗಾಡಿಯ ಓಟದಲ್ಲಿ ಅಲುಗಿದರೆ ಆ ಗಾಯ ಆಗುವುದಿಲ್ಲ. ಈ ಭಯವನ್ನು ಇವತ್ತೇ ಬಿಟ್ಟುಬಿಡಿ. ಹಾಗೆಂದು ಈಗಲೇ ಓಡಬಹುದೇ ಎಂದರೆ ಬೇಡ. ಕತ್ತಿನ ಸ್ನಾಯು ಬಲಿಯದ ಮಗುವಿಗೆ ಪ್ರತಿ ಕುಲುಕಾಟದಲ್ಲೂ ತಲೆಯನ್ನು ತಾನೇ ನಿಲ್ಲಿಸಿಕೊಳ್ಳಲು ಆಗುವುದಿಲ್ಲ. ತಯಾರಕರು ಸಾಮಾನ್ಯವಾಗಿ ಆರು ತಿಂಗಳು ಅಥವಾ ಎಂಟು ತಿಂಗಳು ಎಂದು ಬರೆದಿರುತ್ತಾರೆ. ನಾನು ತಿಂಗಳಿಗಿಂತ ಮಗುವನ್ನು ನೋಡಿ ಹೇಳುತ್ತೇನೆ: ಕೈ ಊರದೆ, ಆಸರೆಯಿಲ್ಲದೆ ಕೂತು ಆಟಿಕೆಗೆ ಕೈಚಾಚುವಂತಾಗಬೇಕು. ಹೆಚ್ಚಿನ ಮಕ್ಕಳಲ್ಲಿ ಅದು ಏಳೆಂಟು ತಿಂಗಳಿಗೆ ಬರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಲೆಕ್ಕ ಇನ್ನೂ ಮುಂದಕ್ಕೆ ಹೋಗುತ್ತದೆ, ಆಗ ನಿಮ್ಮ ವೈದ್ಯರಿಗೆ ಒಮ್ಮೆ ತೋರಿಸಿ.

ಈ ಕಾಯುವಿಕೆ ನಿಮಗೂ ಒಳ್ಳೆಯದು. ಹೆರಿಗೆಯಾಗಿ 12 ವಾರ ಕಳೆಯುವ ಮುಂಚೆ ಓಡುವುದು ಬೇಡ ಎಂಬುದು ಈಗಿನ ಫಿಸಿಯೋಥೆರಪಿಸ್ಟರ ಸಾಮಾನ್ಯ ಸಲಹೆ. ಆ ಗಡಿಯನ್ನು ನೀವು ದಾಟಿದ್ದೀರಿ, ಆದರೂ ಕೆಮ್ಮಿದಾಗ ಮೂತ್ರ ಸೋರುವುದು, ಅಡಿಹೊಟ್ಟೆಯಲ್ಲಿ ಭಾರ ಎನಿಸುವುದು ಇದ್ದರೆ ಮೊದಲು ಅದನ್ನು ತೋರಿಸಿಕೊಳ್ಳಿ. ಇಲ್ಲವಾದರೆ ಅತ್ತೆಯವರ ಹತ್ತಿರ ಮಗುವನ್ನು ಬಿಟ್ಟು ಬೆಳಿಗ್ಗೆ ಇಪ್ಪತ್ತು ನಿಮಿಷ ನೀವೊಬ್ಬರೇ ಓಡಿ ಬನ್ನಿ. ಗಾಡಿ ತಳ್ಳುತ್ತಾ ಓಡುವಾಗ ತೋಳು ಬೀಸಲಾಗುವುದಿಲ್ಲ, ಸೊಂಟದ ಮೇಲೆ ಹೆಚ್ಚು ಭಾರ ಬೀಳುತ್ತದೆ. ಅದಕ್ಕೂ ಮೈ ಮೊದಲು ಹದವಾಗಬೇಕು.

ಇನ್ನು ನಮ್ಮ ರಸ್ತೆ. ನಗರದ ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ಅಗಲ ಬೇಕು, ಅದರ ಅಂಚು 15 ಸೆಂ.ಮೀ.ಗಿಂತ ಎತ್ತರ ಇರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಎಷ್ಟಿದೆ ಎಂಬುದು ನಿಮಗೇ ಗೊತ್ತು. ಚರಂಡಿಯ ಮೇಲೆ ಮುಚ್ಚಿದ ಸ್ಲ್ಯಾಬುಗಳ ನಡುವೆ ಸಂದು, ಪ್ರತಿ ಮನೆಯ ಗೇಟಿನ ಮುಂದೆ ಇಳಿಜಾರು, ನಡುವೆ ಟ್ರಾನ್ಸ್‌ಫಾರ್ಮರ್ ಕಂಬ. ಇಲ್ಲಿ ಚಕ್ರದ ಗಾತ್ರವೇ ಎಲ್ಲಕ್ಕಿಂತ ಮುಖ್ಯ. 3 ಸೆಂ.ಮೀ. ಎತ್ತರದ ಒಂದು ಅಂಚನ್ನು ಹತ್ತಿಸಲು 14 ಸೆಂ.ಮೀ. ಅಡ್ಡಳತೆಯ ಪುಟ್ಟ ಚಕ್ರಕ್ಕೆ ಬೇಕಾಗುವ ತಳ್ಳು, 30 ಸೆಂ.ಮೀ. ಚಕ್ರಕ್ಕೆ ಬೇಕಾಗುವುದರ ಹೆಚ್ಚುಕಡಿಮೆ ಎರಡು ಪಟ್ಟು. ಪುಟ್ಟ ಚಕ್ರ ಅಲ್ಲಿ ಗಕ್ಕನೆ ನಿಲ್ಲುತ್ತದೆ, ನೀವು ಇನ್ನೂ ಜೋರಾಗಿ ತಳ್ಳುತ್ತೀರಿ, ಹಿಂದಿನ ಚಕ್ರ ಏಳುತ್ತದೆ. ನಾಲ್ಕು ಚಕ್ರದ ಹಗುರ ಗಾಡಿಗಳು ಮುಂದಕ್ಕೆ ಮುಗ್ಗರಿಸುವುದು ಹೀಗೆ. ಯಜಮಾನರು ಸುರಕ್ಷಿತ ಎಂದುಕೊಂಡಿರುವ ಗಾಡಿಗೆ ನಿಮ್ಮ ಬೀದಿಯಲ್ಲಿ ಇರುವ ಅಪಾಯ ಇದೇ.

ಅಂಚು ಹತ್ತಿಸುವುದನ್ನು ಮಗುವಿಲ್ಲದೆ ಹತ್ತು ಸಲ ಅಭ್ಯಾಸ ಮಾಡಿ. ನೇರ ನಿಂತು ಹಿಡಿಕೆಯನ್ನು ಕೆಳಗೆ ಒತ್ತಿ, ಮುಂದಿನ ಚಕ್ರ ಏಳುತ್ತದೆ, ಅದನ್ನು ಮೇಲಿಟ್ಟು ಹಿಂದಿನ ಎರಡನ್ನೂ ಒಟ್ಟಿಗೆ ಹತ್ತಿಸಿ. ಇಳಿಸುವಾಗ ಗಾಡಿಯನ್ನು ತಿರುಗಿಸಿಕೊಂಡು, ನೀವು ಮೊದಲು ರಸ್ತೆಗೆ ಇಳಿದು, ಹಿಂದಿನ ಎರಡು ಚಕ್ರ ಮೊದಲು ಬರುವಂತೆ ನಿಧಾನಕ್ಕೆ ಇಳಿಸಿ. ಓರೆಯಾಗಿ ಎಂದೂ ಬೇಡ. ಸ್ಲ್ಯಾಬಿನ ಸಂದು, ಚರಂಡಿ ಜಾಲರಿಯ ಕಂಬಿಗಳು ನೀವು ಹೋಗುವ ದಿಕ್ಕಿನಲ್ಲೇ ಇದ್ದರೆ ಒಂಟಿ ಚಕ್ರ ಅದರೊಳಗೆ ಇಳಿದುಬಿಡಬಹುದು. ಮೂರು ಚಕ್ರದ ಗಾಡಿಯ ನಿಜವಾದ ಕೊರತೆಗಳಲ್ಲಿ ಇದೂ ಒಂದು. ಅಲ್ಲಿ ಮುಂದಿನ ಚಕ್ರವನ್ನು ಎತ್ತಿ ದಾಟಿಸಿ.

ಗಾಳಿ ಟೈರು ಪಂಕ್ಚರ್ ಆಗುತ್ತದೆ, ಅದೂ ನಿಜ. ಆದರೆ 12 ಮತ್ತು 16 ಇಂಚು ಮಕ್ಕಳ ಸೈಕಲ್ಲಿನ ಅಳತೆಗಳೇ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಳತೆ ನೋಡಿಕೊಂಡು ಹೋದರೆ ಸೈಕಲ್ ಅಂಗಡಿಯಲ್ಲಿ ಟ್ಯೂಬ್ ಸಿಗುತ್ತದೆ. ಗಾಳಿಯನ್ನು ಕೈಪಂಪಿನಿಂದಲೇ ತುಂಬಿಸಿ, ಪೆಟ್ರೋಲ್ ಬಂಕಿನ ಯಂತ್ರ ಇಷ್ಟು ಚಿಕ್ಕ ಟ್ಯೂಬನ್ನು ಕ್ಷಣದಲ್ಲಿ ಒಡೆದುಬಿಡಬಹುದು. ಟೈರಿನ ಮೇಲೆ ಬರೆದ ಒತ್ತಡ ಮೀರಬೇಡಿ. ತೀರಾ ಬಿಗಿಯಾದರೆ ಗಾಡಿ ಚೆಂಡಿನಂತೆ ಪುಟಿಯುತ್ತದೆ, ಆ ಕುಲುಕಾಟವೆಲ್ಲ ಮಗುವಿಗೆ.

ನೀವು ಕೇಳದ, ಆದರೆ ನಿಮ್ಮ ಪತ್ರದಲ್ಲೇ ಇರುವ ದೊಡ್ಡ ತೊಡಕು ಎರಡನೇ ಮಹಡಿ. ಓಡುವ ಗಾಡಿ ಸಾಮಾನ್ಯವಾಗಿ 11ರಿಂದ 14 ಕಿಲೋ ತೂಗುತ್ತದೆ. ಎಂಟು ಕಿಲೋ ಮಗುವನ್ನು ಅದರಲ್ಲಿ ಕೂರಿಸಿಕೊಂಡು ಮೆಟ್ಟಿಲು ಇಳಿಯುವುದನ್ನು ಇಬ್ಬರು ಸೇರಿಯೂ ಮಾಡಬೇಡಿ. ಮನೆಯ ಮಾಲೀಕರನ್ನು ಕೇಳಿ ಕೆಳಗೆ ಮೆಟ್ಟಿಲ ಅಡಿಯಲ್ಲೋ ಪಾರ್ಕಿಂಗಿನ ಮೂಲೆಯಲ್ಲೋ ಜಾಗ ಮಾಡಿಕೊಂಡು, ಸೈಕಲ್ಲಿನ ಚೈನ್ ಬೀಗ ಹಾಕಿ ನಿಲ್ಲಿಸಿ. ಮಗುವನ್ನು ಎತ್ತಿಕೊಂಡು ಇಳಿಯಿರಿ. ಆ ಜಾಗ ಸಿಗದಿದ್ದರೆ, ನಾನು ಹೇಳಿದ್ದೆಲ್ಲ ಇದ್ದರೂ, ಈ ಗಾಡಿ ನಿಮಗೆ ಬೇಡ. ಹಾಗೆಯೇ ಇದನ್ನು ಆಟೋದಲ್ಲಿ ಒಯ್ಯಲಾಗುವುದಿಲ್ಲ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕ್ಯಾಬಿನಲ್ಲೂ ಹಿಡಿಸುವುದಿಲ್ಲ. ಮನೆಯಿಂದ ನಡೆದು ಹೋಗಬಹುದಾದ ಉದ್ಯಾನ ಇದ್ದರೆ ಮಾತ್ರ ಇದರ ಸುಖ. ಸ್ವಂತ ಕಾರಿದ್ದರೆ ಭಾನುವಾರ ವಾಹನಗಳಿಗೆ ಬಾಗಿಲು ಮುಚ್ಚುವ ಕಬ್ಬನ್ ಪಾರ್ಕಿನ ರಸ್ತೆಗಳು ಓಡಲು ಬಹಳ ಚೆನ್ನ.

ನಾದಿನಿಯವರ ಗಾಡಿ ಹಳೆಯದು ಎಂಬುದು ನನ್ನನ್ನು ಎಚ್ಚರಿಸುತ್ತಿದೆ. 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಲ್ಲಿನ ಬಹಳ ಜನಪ್ರಿಯ ಓಡುವ ಗಾಡಿಯೊಂದರ ಮೇಲೆ ಕ್ರಮಕ್ಕೆ ಮುಂದಾಯಿತು. ಸೈಕಲ್ಲಿನಂತೆ ಒಂದು ಸನ್ನೆ (ಲಿವರ್) ಎಳೆದರೆ ಮುಂದಿನ ಚಕ್ರ ಕಳಚಿ ಬರುವ ವ್ಯವಸ್ಥೆ ಅದರದ್ದು. ಆ ಸನ್ನೆ ಸರಿಯಾಗಿ ಬಿಗಿಯದಿದ್ದರೆ ಓಡುವಾಗಲೇ ಚಕ್ರ ಕಳಚುತ್ತಿತ್ತು. 2012ರಿಂದ ಸುಮಾರು 200 ದೂರುಗಳು, ಕನಿಷ್ಠ 50 ಮಕ್ಕಳಿಗೆ, 47 ದೊಡ್ಡವರಿಗೆ ಗಾಯ. 2015ರ ಸೆಪ್ಟೆಂಬರ್‌ವರೆಗೆ ಅಮೆರಿಕಕ್ಕೆ ಬಂದ ಗಾಡಿಗಳ ವಿಷಯ ಇದು. ನಾದಿನಿಯವರದು ಅದೇ ಎಂದು ನಾನು ಹೇಳುತ್ತಿಲ್ಲ, ಆದರೆ ಕಾಲ ಹೊಂದುತ್ತದೆ. ಎಲ್ಲ ಓಡುವ ಗಾಡಿಗಳ ಚೌಕಟ್ಟಿನ ಮೇಲೆ, ಹೆಚ್ಚಾಗಿ ಹಿಂದಿನ ಅಚ್ಚಿನ ಹತ್ತಿರ, ಮಾದರಿ ಸಂಖ್ಯೆ ಮತ್ತು ತಯಾರಾದ ತಿಂಗಳಿನ ಸ್ಟಿಕ್ಕರ್ ಇರುತ್ತದೆ. ಆ ಆಯೋಗದ ವೆಬ್‌ಸೈಟಿನಲ್ಲಿ ಮಾದರಿಯನ್ನು ಹಾಕಿದರೆ ವಾಪಸು ಕರೆಸಿಕೊಂಡ ಸರಕೇ ಎಂದು ತಿಳಿಯುತ್ತದೆ. ಸ್ಟಿಕ್ಕರ್ ಕಿತ್ತುಹೋಗಿ ಮಾದರಿ ಗೊತ್ತಾಗದಿದ್ದರೆ ಆ ಗಾಡಿಯನ್ನು ವಿಮಾನ ಹತ್ತಿಸುವುದೇ ಬೇಡ.

ಗಾಡಿ ಬಂದ ಮೇಲೆ ಮಗುವಿಗೂ ಮೊದಲು 10 ಕಿಲೋ ಅಕ್ಕಿ ಮೂಟೆ ಕೂರಲಿ. ಮೂಟೆಗೆ ಬೆಲ್ಟ್ ಬಿಗಿದು, ಮುಂದಿನ ಚಕ್ರವನ್ನು ನೇರಕ್ಕೆ ಲಾಕ್ ಮಾಡಿ, ಮಟ್ಟಸವಾದ ನೆಲದಲ್ಲಿ ಮೆಲ್ಲಗೆ ತಳ್ಳಿ ಕೈ ಬಿಡಿ. ಏಳೆಂಟು ಹೆಜ್ಜೆ ದೂರ ನೇರ ಹೋಗಬೇಕು. ಒಂದು ಕಡೆಗೆ ಎಳೆದರೆ ಮುಂದಿನ ಚಕ್ರ ಸೊಟ್ಟಗಿದೆ ಎಂದರ್ಥ, ಕೆಲವು ಗಾಡಿಗಳಲ್ಲಿ ಅದನ್ನು ಸರಿಪಡಿಸುವ ತಿರುಪು ಇರುತ್ತದೆ. ಆಮೇಲೆ ಗೇಟಿನ ಇಳಿಜಾರಿನಲ್ಲಿ ಬ್ರೇಕ್ ಹಾಕಿ ನಿಲ್ಲಿಸಿ, ಒಮ್ಮೆ ಮುಖ ಕೆಳಗೆ, ಒಮ್ಮೆ ಮೇಲೆ. ಒಂದು ಅಂಗುಲವೂ ಜಾರಬಾರದು. ಮುಂದಿನ ಚಕ್ರವನ್ನು ಹಿಡಿದು ಮೇಲಕ್ಕೆ ಎಳೆಯಿರಿ, ಕಟಕಟ ಎಂದರೆ ಬಿಗಿಸಬೇಕು. ಟೈರನ್ನು ಬೆರಳಿನಿಂದ ಮಡಚಿ ನೋಡಿ, ಗ್ಯಾರೇಜಿನಲ್ಲಿ ವರ್ಷಗಟ್ಟಲೆ ನಿಂತ ರಬ್ಬರು ಕೂದಲೆಳೆಯಂತೆ ಬಿರುಕು ಬಿಟ್ಟಿರುತ್ತದೆ. ಹಾಗಿದ್ದರೆ ಮೂರೂ ಟೈರು ಬದಲಾಯಿಸಿ. ಮಡಚುವ ಕೀಲುಗಳಲ್ಲಿ ಬೆರಳು ಸಿಕ್ಕುವ ಸಂದು ಎಲ್ಲಿದೆ ಎಂದು ಗುರುತು ಮಾಡಿಕೊಳ್ಳಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಮಡಚುವ ಗಾಡಿಗಳನ್ನು ಇಂಥ ಕೀಲಿನಿಂದ ಮಕ್ಕಳ ಬೆರಳ ತುದಿ ಕತ್ತರಿಸಿಹೋದ ಕಾರಣಕ್ಕೇ ವಾಪಸು ಕರೆಸಿಕೊಂಡರು. ಗಾಡಿ ಬಿಚ್ಚುವಾಗ, ಮಡಚುವಾಗ ಮಗು ಇನ್ನೊಬ್ಬರ ಕೈಯಲ್ಲಿರಲಿ.

ಓಡುವ ದಿನ ಬಂದಾಗ ಎರಡು ಅಭ್ಯಾಸ ಬಿಡಬೇಡಿ. ಓಡಾಡುವಾಗ ಮುಂದಿನ ಚಕ್ರ ತಿರುಗುವಂತಿರಲಿ, ಓಡುವಾಗ ಲಾಕ್ ಆಗಿರಲಿ. ತಿರುಗುವ ಚಕ್ರ ವೇಗದಲ್ಲಿ ಗಡಗಡ ಅಲುಗಿ, ಸಣ್ಣ ಕಲ್ಲು ಸಿಕ್ಕರೂ ಅಡ್ಡ ತಿರುಗಿ ಗಾಡಿಯನ್ನು ಮಗುಚುತ್ತದೆ. ಲಾಕ್ ಮಾಡಿದಾಗ ತಿರುವಿನಲ್ಲಿ ನಿಧಾನಿಸಿ, ಹಿಡಿಕೆ ಒತ್ತಿ ಮುಂದಿನ ಚಕ್ರ ಎತ್ತಿ ತಿರುಗಿಸಬೇಕು. ಎರಡನೆಯದು ಮಣಿಕಟ್ಟಿನ ಪಟ್ಟಿ. 2009ರ ಅಕ್ಟೋಬರಿನಲ್ಲಿ ಮೆಲ್ಬರ್ನ್‌ನ ಆಶ್‌ಬರ್ಟನ್ ನಿಲ್ದಾಣದಲ್ಲಿ ತಾಯಿ ಒಂದು ಕ್ಷಣ ಕೈಬಿಟ್ಟಾಗ ಮಗುವಿನ ಗಾಡಿ ತಾನೇ ಉರುಳಿ ಬರುತ್ತಿದ್ದ ರೈಲಿನ ಮುಂದೆ ಬಿತ್ತು. ಬೆಲ್ಟಿನಲ್ಲಿದ್ದ ಆ ಪುಟ್ಟ ಮಗು ತಲೆಗೆ ಸಣ್ಣ ಪೆಟ್ಟಾಗಿ ಬದುಕಿತು. ದೊಡ್ಡ ಚಕ್ರದ ಗಾಡಿ ಕಣ್ಣಿಗೆ ಕಾಣದ ಇಳಿಜಾರಿನಲ್ಲೂ ಉರುಳುತ್ತದೆ. ಎಡವಿ ಬಿದ್ದರೂ ಗಾಡಿ ನಿಮ್ಮ ಕೈಗೆ ಕಟ್ಟಿಕೊಂಡಿರಬೇಕು.

ಬಿಸಿಲಿಗೆಂದು ಗಾಡಿಯ ಮೇಲೆ ದುಪಟ್ಟಾ, ಟವೆಲ್ ಮುಚ್ಚುವವರನ್ನು ದಿನಾ ನೋಡುತ್ತೇನೆ. 2014ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಒಳಗೆ ಅಳೆದಾಗ 22 ಡಿಗ್ರಿ ಇದ್ದದ್ದು, ತೆಳು ಬಟ್ಟೆ ಮುಚ್ಚಿದ ಅರ್ಧ ಗಂಟೆಗೆ 34 ಡಿಗ್ರಿ, ಒಂದು ಗಂಟೆಗೆ 37 ಡಿಗ್ರಿ ಆಯಿತು. ಗಾಡಿಯ ಸ್ವಂತ ಚಾವಣಿ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರೊಳಗೆ ಮನೆ ಸೇರಿ. ದೊಡ್ಡ ರಸ್ತೆಗಳನ್ನೂ ತಪ್ಪಿಸಿ. ಗಾಡಿಯಲ್ಲಿ ಕೂತ ಮಗುವಿನ ಮೂಗು ವಾಹನಗಳ ಹೊಗೆ ಕೊಳವೆಗೆ ನಿಮ್ಮ ಮೂಗಿಗಿಂತ ಹತ್ತಿರ ಇರುತ್ತದೆ.

ಹಾಗಾಗಿ ನಿಮ್ಮ ಮನೆಗೆ ನನ್ನ ಸಲಹೆ ಇಷ್ಟು. ಈಗಿನಿಂದ ಮೂರ್ನಾಲ್ಕು ತಿಂಗಳು ಅತ್ತೆಯವರ ಮಾತೇ ನಡೆಯಲಿ, ಮಗುವನ್ನು ಎತ್ತಿಕೊಳ್ಳಿ. ಹೊರಗೆ ಹೋಗಲು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕು, ಗಲ್ಲ ಎದೆಗೆ ಒತ್ತದೆ ಮುಖ ಸದಾ ನಿಮಗೆ ಕಾಣುತ್ತಿರಬೇಕು. ಯಜಮಾನರು ಹೇಳಿದ ನಾಲ್ಕು ಚಕ್ರದ ಹಗುರ ಗಾಡಿ ಮೆಟ್ರೋ, ಪ್ರಯಾಣ, ಮದುವೆಮನೆಗೆ ಅನುಕೂಲ. ಮಗಳಿಗೆ ವರ್ಷ ತುಂಬಿದ ಮೇಲೆ ಬೇಕೆನಿಸಿದರೆ ತೆಗೆದುಕೊಳ್ಳಬಹುದು. ಮೂರು ಚಕ್ರದ್ದು ಕೆಳಗಿನ ಜಾಗ, ಸ್ಟಿಕ್ಕರ್, ಅಕ್ಕಿ ಮೂಟೆ ಈ ಮೂರರಲ್ಲೂ ಗೆದ್ದರೆ ಏಳನೇ ತಿಂಗಳಿನಿಂದ ನಡೆಯಲು, ಅವಳು ಆಸರೆಯಿಲ್ಲದೆ ಗಟ್ಟಿಯಾಗಿ ಕೂತ ಮೇಲೆ ಓಡಲು ಬಳಸಿ. ಮೊದಲ ಎರಡು ವಾರ ಯಜಮಾನರೇ ತಳ್ಳಲಿ. ಆಟೋ ಹೋಲಿಕೆ ಮಾಡಿದವರು ತಿರುವಿನಲ್ಲಿ ತಾವಾಗಿಯೇ ನಿಧಾನಿಸುತ್ತಾರೆ.

ನಾದಿನಿಯವರಿಗೆ ಇವತ್ತೇ ಫೋನ್ ಮಾಡಿ, ಚೌಕಟ್ಟಿನ ಸ್ಟಿಕ್ಕರಿನದ್ದು ಒಂದು, ಮುಂದಿನ ಚಕ್ರ ಕೂಡುವ ಜಾಗದ್ದು ಒಂದು, ಎರಡು ಫೋಟೋ ಕಳಿಸಲು ಹೇಳಿ. ಬಂದ ಮೇಲೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ.